ಉನ್ನತ ವ್ಯಾಸಂಗಕ್ಕೆ ಹಣ ಬಂದ ದಾರಿಗಳು: ಒಂದು ಚಾರಿತ್ರಿಕ ನೋಟ

ಪದವಿ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಮ್ಮ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ಮುಂದೆ ಓದಿಸಲು ಮನಸ್ಸಿದೆ, ಆದರೆ ಹಣ ಎಲ್ಲಿಂದ ತರುವುದು? ಪದವಿಯವರೆಗೆ ಹೇಗೋ ಹೊಂದಿಸಿಕೊಂಡು ಬಂದ ತಂದೆತಾಯಿಗಳು ಎಂ.ಎ., ಎಂ.ಟೆಕ್., ಎಂ.ಡಿ., ಪಿಎಚ್.ಡಿ. ಎಂದೊಡನೆ ಕೈಚೆಲ್ಲುತ್ತಾರೆ. ಮಗ ದುಡಿಯಲು ಹೋಗುತ್ತಾನೆ, ಮಗಳ ಓದು ಅಲ್ಲಿಗೇ ನಿಲ್ಲುತ್ತದೆ. 2006ರಲ್ಲಿ ವರದಿ ಸಲ್ಲಿಸಿದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು ಈ ಸ್ಥಿತಿಯನ್ನು ಅಂಕಿಗಳಲ್ಲಿ ತೋರಿಸಿತು. ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ಮಂದಿಗೆ ಒಬ್ಬರು ಮುಸ್ಲಿಂ ವಿದ್ಯಾರ್ಥಿಯಿದ್ದರೆ, ಸ್ನಾತಕೋತ್ತರ ತರಗತಿಗಳಲ್ಲಿ 50 ಮಂದಿಗೆ ಒಬ್ಬರು ಮಾತ್ರ ಇದ್ದರು. ಅಂದರೆ ಒಂದೇ ಮೆಟ್ಟಿಲು ಹತ್ತುವಷ್ಟರಲ್ಲಿ ನಮ್ಮ ಪಾಲು ಅರ್ಧಕ್ಕೆ ಇಳಿದಿತ್ತು. ಇದಕ್ಕೆ ಕಾರಣಗಳು ಹಲವು. ಹಣದ ಕೊರತೆ ಅವುಗಳಲ್ಲಿ ಸಣ್ಣದೇನಲ್ಲ.

ಈ ಪ್ರಶ್ನೆ ಹೊಸದಲ್ಲ. ಕಳೆದ ಇನ್ನೂರು ವರ್ಷಗಳಲ್ಲಿ ಈ ದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ನೆರವು ಮುಖ್ಯವಾಗಿ ನಾಲ್ಕು ಮೂಲಗಳಿಂದ ಹರಿದುಬಂದಿದೆ: ದತ್ತಿ ಅಥವಾ ವಕ್ಫ್, ಸರ್ಕಾರದ ಇಲ್ಲವೇ ಸಂಸ್ಥಾನದ ವಿದ್ಯಾರ್ಥಿವೇತನ, ಸಮುದಾಯದ ಚಂದಾ ಹಣ, ಮತ್ತು ಮರಳಿ ಕಟ್ಟಬೇಕಾದ ಸಾಲ. ಇವುಗಳಲ್ಲಿ ಯಾವುದು ಬಾಳಿತು, ಯಾವುದು ಬತ್ತಿತು, ಏಕೆ ಎಂಬುದನ್ನು ತಿಳಿದರೆ ಇಂದಿನ ವಿದ್ಯಾರ್ಥಿಗೂ ಅವನ ಪೋಷಕರಿಗೂ ದಾರಿ ಸ್ವಲ್ಪ ಸ್ಪಷ್ಟವಾದೀತು.

ಹಾಜಿ ಮೊಹಸಿನ್ ಅವರ ವಕ್ಫ್

ಬಂಗಾಳದ ಹೂಗ್ಲಿಯ ಹಾಜಿ ಮುಹಮ್ಮದ್ ಮೊಹಸಿನ್ (1732-1812) ದೊಡ್ಡ ಆಸ್ತಿಗೆ ಒಡೆಯರಾಗಿದ್ದರು. ಅವರಿಗೆ ಮಕ್ಕಳಿರಲಿಲ್ಲ. 1806ರಲ್ಲಿ ಅವರು ತಮ್ಮ ಜಮೀನುಗಳ ಆದಾಯವನ್ನೆಲ್ಲ ಧರ್ಮಕಾರ್ಯಗಳಿಗೆ ವಕ್ಫ್ ಮಾಡಿದರು. ಮೂಲ ಆಸ್ತಿಯನ್ನು ಯಾರೂ ಮಾರುವಂತಿಲ್ಲ, ಆದಾಯ ಮಾತ್ರ ವೆಚ್ಚವಾಗಬೇಕು ಎಂಬುದು ವಕ್ಫ್‌ನ ನಿಯಮ. ಹಣ ಎಂದೆಂದಿಗೂ ಉಳಿಯಬೇಕಾದರೆ ಇದಕ್ಕಿಂತ ಭದ್ರವಾದ ಏರ್ಪಾಡು ಬೇರೆ ಇಲ್ಲ.

ಆದರೆ ಮೊಹಸಿನ್ ಅವರ ನಿಧನದ ನಂತರ ಮುತವಲ್ಲಿಗಳ ಮೇಲೆ ದುರಾಡಳಿತದ ಆರೋಪ ಬಂತು. ಕಂಪೆನಿ ಸರ್ಕಾರ ಆಸ್ತಿಯನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಿತು. ಕೂಡಿಬಿದ್ದ ಹಣದಿಂದ 1836ರಲ್ಲಿ ಹೂಗ್ಲಿ ಕಾಲೇಜು ಆರಂಭವಾಯಿತು. ಅದು ಒಳ್ಳೆಯ ಕಾಲೇಜು. ಬಂಕಿಮಚಂದ್ರ ಚಟರ್ಜಿಯವರೂ ಅಲ್ಲಿ ಓದಿದವರು. ಆದರೆ ಅಲ್ಲಿನ ಇಂಗ್ಲಿಷ್ ವಿಭಾಗದಲ್ಲಿ ಮುಸ್ಲಿಂ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟಿದ್ದರು. ಡಬ್ಲ್ಯು. ಡಬ್ಲ್ಯು. ಹಂಟರ್ 1871ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಈ ವಿಚಾರವನ್ನು ಎತ್ತಿ ಆಡಿದ ಮೇಲೆ ಸರ್ಕಾರ ಎಚ್ಚೆತ್ತುಕೊಂಡಿತು. 1873ರಲ್ಲಿ ಕಾಲೇಜಿನ ಖರ್ಚನ್ನು ಸರ್ಕಾರವೇ ವಹಿಸಿಕೊಂಡು, ಮೊಹಸಿನ್ ನಿಧಿಯನ್ನು ಮುಸ್ಲಿಮರ ಶಿಕ್ಷಣಕ್ಕಾಗಿ ಬಿಡಿಸಿಕೊಟ್ಟಿತು. ಢಾಕಾ, ರಾಜಶಾಹಿ, ಚಿತ್ತಗಾಂಗ್‌ಗಳಲ್ಲಿ ಮದ್ರಸಾಗಳು ಎದ್ದವು. ಸರ್ಕಾರಿ ಶಾಲಾ ಕಾಲೇಜುಗಳಲ್ಲಿ ಓದುವ ಮುಸ್ಲಿಂ ವಿದ್ಯಾರ್ಥಿಗಳ ಶುಲ್ಕದ ಮೂರರಲ್ಲಿ ಎರಡು ಪಾಲನ್ನು ನಿಧಿ ಭರಿಸತೊಡಗಿತು.

ದತ್ತಿ ಬರೆದ 1806ರಿಂದ ಬಡ ವಿದ್ಯಾರ್ಥಿಯ ಶುಲ್ಕ ಕಟ್ಟುವ 1873ರವರೆಗೆ 67 ವರ್ಷಗಳು ಕಳೆದಿದ್ದವು. ಆಸ್ತಿಗೆ ಕೊರತೆಯಿರಲಿಲ್ಲ, ಅದು ಯಾರಿಗೆ ತಲುಪುತ್ತಿದೆ ಎಂದು ನೋಡುವವರು ಇರಲಿಲ್ಲ. ನಮ್ಮ ಊರುಗಳ ವಕ್ಫ್ ಆಸ್ತಿಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರ ಕೊಟ್ಟದ್ದು, ನಿಲ್ಲಿಸಿದ್ದು

1868ರಲ್ಲಿ ವೈಸ್‌ರಾಯ್ ಸರ್ ಜಾನ್ ಲಾರೆನ್ಸ್ ಭಾರತೀಯ ಯುವಕರು ಇಂಗ್ಲೆಂಡಿಗೆ ಹೋಗಿ ಓದಲೆಂದು ಒಂದು ಯೋಜನೆ ತಂದರು. ವರ್ಷಕ್ಕೆ 200 ಪೌಂಡಿನಂತೆ ಮೂರು ವರ್ಷಗಳ ಒಂಬತ್ತು ವಿದ್ಯಾರ್ಥಿವೇತನಗಳು. ಆ ದಿನಗಳಲ್ಲಿ ಸರ್ಕಾರಿ ವಿದ್ಯಾರ್ಥಿವೇತನ ಪಡೆದು 1869ರಲ್ಲಿ ಇಂಗ್ಲೆಂಡಿಗೆ ಹೋದವರಲ್ಲಿ ಸರ್ ಸೈಯದ್ ಅಹ್ಮದ್ ಖಾನರ ಮಗ ಸೈಯದ್ ಮಹಮೂದ್ ಒಬ್ಬರು. ಮಗನಿಗೆ ಸರ್ಕಾರದ ಹಣವಿತ್ತು. ಜೊತೆಯಲ್ಲಿ ಹೋಗಿ ಅಲ್ಲಿನ ವಿದ್ಯಾಸಂಸ್ಥೆಗಳನ್ನು ಕಣ್ಣಾರೆ ನೋಡಬೇಕೆಂದ ತಂದೆ ಮನೆಯನ್ನು ಅಡವಿಟ್ಟು ಹಣ ಹೊಂದಿಸಿಕೊಂಡರು. ಮಹಮೂದ್ ಕೇಂಬ್ರಿಜ್‌ನಲ್ಲಿ ಓದಿ, ಬ್ಯಾರಿಸ್ಟರ್ ಆಗಿ ಮರಳಿದರು. 1873ರಲ್ಲಿ ಅಲಿಗಢದ ಕಾಲೇಜು ಹೇಗಿರಬೇಕೆಂಬ ಯೋಜನೆಯನ್ನು ಸಿದ್ಧಪಡಿಸಿಕೊಟ್ಟರು. 1887ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾದರು. ಒಬ್ಬ ವಿದ್ಯಾರ್ಥಿಗೆ ಕೊಟ್ಟ ವೇತನದ ಫಲ ಒಂದು ಇಡೀ ವಿದ್ಯಾಸಂಸ್ಥೆಗೆ ದಕ್ಕಿತು.

ಆದರೆ ಲಾರೆನ್ಸರ ಯೋಜನೆ ಬಾಳಲಿಲ್ಲ. ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದ ಡ್ಯೂಕ್ ಆಫ್ ಆರ್ಗೈಲ್ ಅದನ್ನು ಸ್ವಲ್ಪ ಕಾಲದಲ್ಲೇ ತಡೆಹಿಡಿದರು. ಪ್ರತಿವರ್ಷ ಖಜಾನೆಯಿಂದ ಹಣ ಬರಬೇಕಾದ ಯಾವ ಯೋಜನೆಗೂ ಈ ಅಪಾಯ ತಪ್ಪಿದ್ದಲ್ಲ. ಒಂದು ಆದೇಶದಿಂದ ಹುಟ್ಟಿದ್ದು ಇನ್ನೊಂದು ಆದೇಶದಿಂದ ನಿಲ್ಲುತ್ತದೆ.

ಸಂಸ್ಥಾನಗಳ ಕೊಡುಗೆ

ದೇಶೀಯ ಸಂಸ್ಥಾನಗಳೂ ಈ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಲು ಅವರಿಗೆ ನೆರವಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಆ ಹಣಕ್ಕೆ ಪ್ರತಿಯಾಗಿ ಮೈಸೂರಿಗೆ ಏನು ಬಂತೆಂಬುದನ್ನು ಕನ್ನಡಿಗರಿಗೆ ಹೇಳಬೇಕಿಲ್ಲ. ಮುಂದೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿಯು ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನದ ಸೌಲಭ್ಯ ಹೆಚ್ಚಬೇಕೆಂದು ಶಿಫಾರಸು ಮಾಡಿತು. ಆ ಸಮುದಾಯಗಳಲ್ಲಿ ಮೈಸೂರಿನ ಮುಸ್ಲಿಮರೂ ಸೇರಿದ್ದರು.

ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ತಿಂಗಳಿಗೆ 11.50 ಪೌಂಡಿನಂತೆ ಮೂರು ವರ್ಷ ವಿದ್ಯಾರ್ಥಿವೇತನ; ಓದು ಮುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು. 1915ರಲ್ಲಿ ಅವರು ಎಂ.ಎ. ಪಡೆದು, 1916ರಲ್ಲಿ ಲಂಡನ್ನಿಗೆ ಹೋದರು. ಮುಂದಿನ ವರ್ಷ ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಕರಾರಿನಂತೆ ಬರೋಡದಲ್ಲಿ ಕೆಲಸಕ್ಕೆ ಸೇರಿದರೂ ಜಾತಿಯ ಕಾರಣದಿಂದ ಇರಲು ಒಂದು ಮನೆ ಕೂಡ ಸಿಗದೆ ಊರು ಬಿಟ್ಟರು.

ಇದರ ಮುಂದಿನ ಭಾಗವನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅಂಬೇಡ್ಕರ್ ಅವರು ಇನ್ನೊಂದು ವಿದ್ಯಾರ್ಥಿವೇತನಕ್ಕೆ ಕಾದು ಕೂರಲಿಲ್ಲ. ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದು ಹಣ ಉಳಿಸಿದರು. ಪಾರ್ಸಿ ಗೆಳೆಯ ನವಲ್ ಭಾತೇನ ಅವರಿಂದ ಸಾಲ ಪಡೆದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವು ಕೊಟ್ಟರು. ಈ ಮೂರನ್ನೂ ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದರು, ಬ್ಯಾರಿಸ್ಟರೂ ಆದರು. ಸಂಸ್ಥಾನದ ವೇತನ, ಸ್ವಂತ ಉಳಿತಾಯ, ಗೆಳೆಯನ ಸಾಲ, ದಾನಿಯ ನೆರವು ಎಲ್ಲವೂ ಸೇರಿ ಒಬ್ಬರ ಓದು ಪೂರ್ಣಗೊಂಡಿತು.

ಅಲಿಗಢದ ವಿದ್ಯಾರ್ಥಿಗಳ ಚಂದಾ

ರಾಜರೂ ಸರ್ಕಾರವೂ ಕೊಡದಿದ್ದಾಗ ವಿದ್ಯಾರ್ಥಿಗಳೇ ಏನು ಮಾಡಬಲ್ಲರು ಎಂಬುದಕ್ಕೆ ಅಲಿಗಢ ಒಂದು ಉದಾಹರಣೆ. 1890ರಲ್ಲಿ ಸಾಹಿಬ್‌ಜಾದಾ ಆಫ್ತಾಬ್ ಅಹ್ಮದ್ ಖಾನ್ ಮತ್ತು ಅವರ ಸಂಗಡಿಗರು ಅಂಜುಮನ್-ಉಲ್-ಫರ್ಜ್ ಎಂಬ ಸಂಘ ಕಟ್ಟಿದರು. ಫರ್ಜ್ ಎಂದರೆ ಕರ್ತವ್ಯ; ಇಂಗ್ಲಿಷಿನಲ್ಲಿ ಅದು ಡ್ಯೂಟಿ ಸೊಸೈಟಿ ಎಂದೇ ಹೆಸರಾಯಿತು. ರಜೆ ಬಂದಾಗ ಕಾಲೇಜಿನ ಹುಡುಗರು ತಂಡ ಕಟ್ಟಿಕೊಂಡು ಊರೂರು ತಿರುಗಿ, ಬಡ ಸಹಪಾಠಿಗಳ ಓದಿಗಾಗಿ ಚಂದಾ ಎತ್ತುತ್ತಿದ್ದರು. ಶ್ರೀಮಂತ ಮನೆತನದ ಮಕ್ಕಳೂ ಇನ್ನೊಬ್ಬರಿಗಾಗಿ ಕೈಚಾಚಲು ನಾಚಲಿಲ್ಲ. ಹಣದ ಜೊತೆಗೆ ಕಾಲೇಜಿನ ಹೆಸರೂ ದೂರದ ಊರುಗಳಿಗೆ ಮುಟ್ಟಿತು.

ನಮ್ಮ ನಾಡಿನಲ್ಲಿಯೂ ಇದೇ ಬಗೆಯ ಸಾಮೂಹಿಕ ಪ್ರಯತ್ನಗಳು ನಡೆದವು. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಅಲ್-ಅಮೀನ್ ಸಂಸ್ಥೆಯನ್ನು ಕಟ್ಟಿದರು. ಇಂಥ ಸಂಸ್ಥೆಗಳಿಂದ ಶಾಲೆಗಳೂ ಕಾಲೇಜುಗಳೂ ಎದ್ದವು. ಕಟ್ಟಡಕ್ಕೆ ಕೊಡುವ ದಾನಿಗಳು ನಮ್ಮಲ್ಲಿ ಧಾರಾಳವಾಗಿದ್ದಾರೆ. ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಎಂ.ಎಸ್ಸಿ.ಗೆ ಕೊಡುವವರು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮರಳಿ ಬರುವ ಹಣ

ಜಮ್‌ಷೆಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ದತ್ತಿ ಬೇರೊಂದು ದಾರಿ ಹಿಡಿಯಿತು. ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವವರಿಗೆ ಅದು ಕೊಟ್ಟದ್ದು ಸಾಲ. ಕಲಿತು ಸಂಪಾದಿಸತೊಡಗಿದ ಮೇಲೆ ಅದನ್ನು ಹಿಂದಿರುಗಿಸಬೇಕು. ಆ ಹಣ ಮತ್ತೊಬ್ಬ ವಿದ್ಯಾರ್ಥಿಗೆ ಹೋಗುತ್ತದೆ. ಮೊದಲ ಫಲಾನುಭವಿಗಳಲ್ಲಿ ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೆಳವ್ಕರ್ ಎಂಬ ಇಬ್ಬರು ಮಹಿಳಾ ವೈದ್ಯರಿದ್ದರು. ಹೆಣ್ಣುಮಕ್ಕಳ ಉನ್ನತ ವ್ಯಾಸಂಗಕ್ಕೆ ಹಣ ಏಕೆ ಎಂದು ಈಗಲೂ ಕೇಳುವವರು ಈ ಇಸವಿಯನ್ನು ನೆನಪಿಟ್ಟುಕೊಳ್ಳಬೇಕು. ಆರಂಭದಲ್ಲಿ ಪಾರ್ಸಿಗಳಿಗೆ ಮೀಸಲಾಗಿದ್ದ ಈ ನೆರವು 1894ರಿಂದ ಎಲ್ಲ ಭಾರತೀಯರಿಗೂ ತೆರೆಯಿತು. ಕೇರಳದ ಬಡ ಕುಟುಂಬದ ಕೆ. ಆರ್. ನಾರಾಯಣನ್ ಈ ಸಾಲದಿಂದಲೇ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದರು, ಮುಂದೆ ರಾಷ್ಟ್ರಪತಿಯಾದರು. ನಮ್ಮ ನಾಡಿನ ಅಣುವಿಜ್ಞಾನಿ ರಾಜಾ ರಾಮಣ್ಣ ಅವರೂ ಟಾಟಾ ವಿದ್ವಾಂಸರೇ.

ಕರ್ಜೆ ಹಸನ, ಅಂದರೆ ಬಡ್ಡಿಯಿಲ್ಲದ ಸಾಲ, ನಮಗೆ ಹೊಸ ಮಾತಲ್ಲ. ಮದುವೆಗೆ, ಆಸ್ಪತ್ರೆಗೆ ಅಂಥ ಸಾಲ ಕೊಡುವ ಕಮಿಟಿಗಳು ಅನೇಕ ಊರುಗಳಲ್ಲಿವೆ. ಅದೇ ಪದ್ಧತಿಯನ್ನು ಸ್ನಾತಕೋತ್ತರ ವ್ಯಾಸಂಗಕ್ಕೆ ವಿಸ್ತರಿಸಲು ಯಾವ ಅಡ್ಡಿಯೂ ಇಲ್ಲ.

ಸ್ವಾತಂತ್ರ್ಯದ ನಂತರ

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲೇ ಆರಂಭವಾಗಿತ್ತು. ಅಲ್ಪಸಂಖ್ಯಾತರಿಗಾಗಿ ಕೇಂದ್ರದ ಯೋಜನೆಗಳು ದೊಡ್ಡ ಪ್ರಮಾಣದಲ್ಲಿ ಬಂದದ್ದು ಸಾಚಾರ್ ವರದಿಯ ಬಳಿಕ. 2007-08ರಲ್ಲಿ ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳ ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮೆರಿಟ್-ಕಮ್-ಮೀನ್ಸ್ ವಿದ್ಯಾರ್ಥಿವೇತನ ಆರಂಭವಾಯಿತು. 2009ರಲ್ಲಿ ಎಂ.ಫಿಲ್. ಮತ್ತು ಪಿಎಚ್.ಡಿ. ಸಂಶೋಧಕರಿಗೆ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಬಂತು. 2013-14ರಲ್ಲಿ ವಿದೇಶ ವ್ಯಾಸಂಗದ ಬ್ಯಾಂಕ್ ಸಾಲದ ಬಡ್ಡಿಗೆ ನೆರವು ನೀಡುವ ಪಢೋ ಪರದೇಶ್ ಯೋಜನೆ ಜಾರಿಯಾಯಿತು.

ಇವುಗಳಲ್ಲಿ ಕೊನೆಯ ಎರಡು 2022-23ರಿಂದ ನಿಂತುಹೋದವು. ಮೌಲಾನಾ ಆಜಾದ್ ಫೆಲೋಶಿಪ್ ಇತರ ಯೋಜನೆಗಳೊಂದಿಗೆ ಅತಿವ್ಯಾಪ್ತಿಯಾಗುತ್ತದೆ ಎಂಬ ಕಾರಣವನ್ನು 2022ರ ಡಿಸೆಂಬರ್‌ನಲ್ಲಿ ಸರ್ಕಾರ ಲೋಕಸಭೆಗೆ ನೀಡಿತು. ಅದನ್ನೇ ನಂಬಿ ಸಂಶೋಧನೆಗೆ ಸೇರಬೇಕೆಂದಿದ್ದವರ ಪಾಡು ಏನಾಗಿರಬೇಕೆಂದು ಊಹಿಸಬಹುದು. 1868ರ ಯೋಜನೆಗೆ ಬಂದ ಗತಿಯೇ ಒಂದೂವರೆ ಶತಮಾನದ ನಂತರ ಇದಕ್ಕೂ ಬಂತು.

ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿಲ್ಲ. 1989ರಿಂದ ನಡೆಯುತ್ತಿರುವ ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್‌ಗೆ ಅರ್ಹತೆ ಪಡೆದವರಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ದೊರೆಯುತ್ತದೆ. ಗೇಟ್ ಪರೀಕ್ಷೆಯ ಮೂಲಕ ಎಂ.ಟೆಕ್. ಸೇರುವವರಿಗೆ ತಿಂಗಳಿಗೆ 12,400 ರೂಪಾಯಿಯ ನೆರವಿದೆ. ಇವು ಯಾವ ಸಮುದಾಯಕ್ಕೂ ಮೀಸಲಾದವಲ್ಲ. ತಯಾರಿ ನಡೆಸಿದವರಿಗೆ ಸಿಗುವಂಥವು. 1994ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಹಣಕಾಸು ನಿಗಮ ಶೈಕ್ಷಣಿಕ ಸಾಲ ಯೋಜನೆಯನ್ನು ಹೊಂದಿದೆ. ರಾಜ್ಯದಲ್ಲಿ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ವೃತ್ತಿಪರ ಕೋರ್ಸುಗಳಿಗೆ ನೆರವಾಗುತ್ತಾ ಬಂದಿದೆ. ಇವುಗಳ ನಿಯಮಗಳೂ ಮೊತ್ತಗಳೂ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಅರ್ಜಿ ಹಾಕಬೇಕು.

ಚರಿತ್ರೆ ಹೇಳುವುದೇನು?

ವಿದ್ಯಾರ್ಥಿಗೆ ಅದು ಹೇಳುವುದು ಇಷ್ಟು: ಒಂದೇ ಮೂಲವನ್ನು ನಂಬಿ ಕೂರಬೇಡ. ಪದವಿಯ ಕೊನೆಯ ವರ್ಷದಲ್ಲೇ ಫೆಲೋಶಿಪ್ ಪರೀಕ್ಷೆ, ನಿಗಮದ ಸಾಲ, ಖಾಸಗಿ ದತ್ತಿ, ಊರಿನ ಅಂಜುಮನ್ ಎಲ್ಲವನ್ನೂ ವಿಚಾರಿಸು. ಕೊಡುವ ಹಣಕ್ಕೆ ಯಾವ ಕರಾರಿದೆ, ಎಷ್ಟು ವರ್ಷಕ್ಕೆ ಬರುತ್ತದೆ, ನಡುವೆ ನಿಂತರೆ ಏನು ಮಾಡುವುದು ಎಂಬುದನ್ನು ಸೇರುವ ಮೊದಲೇ ತಿಳಿದುಕೋ. ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಸಿದ್ಧವಾಗಿಟ್ಟುಕೋ. ಕೊನೆಯ ದಿನಾಂಕ ಮೀರಿ ಕಳೆದುಹೋಗುವ ಅವಕಾಶಗಳು ಕಡಿಮೆಯೇನಲ್ಲ.

ಸಮುದಾಯಕ್ಕೆ ಅದು ಹೇಳುವ ಮಾತು ಇನ್ನೂ ಗಂಭೀರವಾದುದು. ಸರ್ಕಾರದಿಂದ ನಮ್ಮ ಹಕ್ಕಿನ ನೆರವನ್ನು ಕೇಳುತ್ತಲೇ ಇರಬೇಕು. ಅದು ನಿಂತ ವರ್ಷವೂ ಹುಡುಗಿಯೊಬ್ಬಳ ಎಂ.ಡಿ. ನಿಲ್ಲದಂತೆ ನೋಡಿಕೊಳ್ಳುವ ನಿಧಿ ನಮ್ಮ ಕೈಯಲ್ಲಿರಬೇಕು. ಮೊಹಸಿನ್ ಅವರಂತೆ ಮೂಲಧನ ಮುಟ್ಟದ ದತ್ತಿ, ಟಾಟಾ ಅವರಂತೆ ಮರಳಿ ಬರುವ ಸಾಲ, ಅಲಿಗಢದ ಹುಡುಗರಂತೆ ನಾಚಿಕೆಯಿಲ್ಲದೆ ಚಂದಾ ಎತ್ತುವ ಮನಸ್ಸು, ಇವುಗಳ ಜೊತೆಗೆ ಪ್ರತಿವರ್ಷ ಲೆಕ್ಕ ಪ್ರಕಟಿಸುವ ಶಿಸ್ತು ಸೇರಿದರೆ ಒಂದು ತಾಲ್ಲೂಕಿನ ಅಂಜುಮನ್ ಕೂಡ ವರ್ಷಕ್ಕೆ ಇಬ್ಬರು ಮೂವರನ್ನು ಸ್ನಾತಕೋತ್ತರ ಪದವಿಗೆ ತಲುಪಿಸಬಲ್ಲದು. ಇಂದು ನೆರವು ಪಡೆದು ವೈದ್ಯರೋ ವಕೀಲರೋ ಪ್ರಾಧ್ಯಾಪಕರೋ ಆದವರು ತಮ್ಮ ಮೊದಲ ಸಂಬಳದಿಂದಲೇ ಆ ನಿಧಿಗೆ ಕಂತು ಕಟ್ಟುವ ಪರಿಪಾಠ ಬೆಳೆಯಲಿ. ಆಗ 50 ಮಂದಿಗೆ ಒಬ್ಬರು ಎಂಬ ಆ ಲೆಕ್ಕವನ್ನು ನಮ್ಮ ಮಕ್ಕಳು ಹಳೆಯ ವರದಿಗಳಲ್ಲಿ ಮಾತ್ರ ಓದುವ ದಿನ ಬಂದೀತು.