ಎತ್ತಿಲ್ಲದ ಗಾಣ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಒಂದು ರೈಲುಹಳಿ ಕವಲೊಡೆಯುತ್ತದೆ. ೧೮೯೪ರಲ್ಲಿ ಅದು ತೆರೆದಾಗ ಊರಿನ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗರ ನೆನಪಿನ ಹೆಸರು ಅದು. ಕೋಲಾರದ ಚಿನ್ನದ ಗಣಿಗಳ ಉಗಿಯಂತ್ರಗಳಿಗೆ ಬೇಕಾದ ಕಲ್ಲಿದ್ದಲು ಈ ಹಳಿಯ ಮೇಲೆಯೇ ಸಾಗುತ್ತಿತ್ತು. ನೆಲದಿಂದ ಚಿನ್ನ ಮೇಲೆ ಬರಬೇಕಾದರೆ ದೂರದ ನಾಡಿನ ಕಲ್ಲಿದ್ದಲು ಮೊದಲು ಇಲ್ಲಿಗೆ ಬಂದು ಉರಿಯಬೇಕಾಗಿತ್ತು. ಈ ಖರ್ಚಿನ ಭಾರವೇ ಗಣಿಗಾರರ ದೃಷ್ಟಿಯನ್ನು ಕಾವೇರಿಯ ಕಡೆಗೆ ತಿರುಗಿಸಿತು.

ಶಿವನಸಮುದ್ರದಲ್ಲಿ ಧುಮುಕುವ ನೀರಿನಿಂದ ವಿದ್ಯುತ್ತನ್ನು ಪಡೆದು ೯೨ ಮೈಲಿ ದೂರದ ಗಣಿಗೆ ಕಳುಹಿಸಬೇಕೆಂಬ ಯೋಜನೆಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಬೆಂಬಲವಾಗಿ ನಿಂತರು. ಎಂಜಿನಿಯರ್ ಜೋಲಿ ದ ಲೋಬಿನಿಯೇರ್ ಅದಕ್ಕೆ ರೂಪ ಕೊಟ್ಟರು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ೧೯೦೨ರ ಜೂನ್ ೩೦ರಂದು ವಿದ್ಯುತ್ತು ಗಣಿಯನ್ನು ಮುಟ್ಟಿತು. ಅಷ್ಟು ದೂರದ ವಿದ್ಯುತ್ ಮಾರ್ಗಗಳು ಜಗತ್ತಿನಲ್ಲೇ ವಿರಳವಾಗಿದ್ದ ಕಾಲವದು. ೧೯೦೧ರಲ್ಲೇ ತೀರಿಕೊಂಡಿದ್ದ ಶೇಷಾದ್ರಿ ಅಯ್ಯರಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ೧೯೦೫ರಲ್ಲಿ. ತಂತಿಯ ಕೆಳಗಿದ್ದ ಹಳ್ಳಿಗಳಲ್ಲಿ ಮಾತ್ರ ಬಹುಕಾಲ ಎಣ್ಣೆಯ ಹಣತೆಯೇ ಉಳಿಯಿತು.

ಕಂಬ, ತಂತಿ, ಜಲಪಾತಗಳ ಈ ಕಥೆಯನ್ನು ನಾವು ಹಲವು ಬಾರಿ ಕೇಳಿದ್ದೇವೆ. ತಂತಿಯ ಕೊನೆಯಲ್ಲಿದ್ದ ಮೋಟಾರಿನ ಒಳಗೆ ಏನು ನಡೆಯಿತೆಂಬುದನ್ನು ಕೇಳಿದವರು ಕಡಿಮೆ.

ಎತ್ತು ಕಟ್ಟಿದ ಗಾಣವನ್ನು ನೆನೆಯೋಣ. ಎತ್ತು ಕಣ್ಮರೆಯಾಗಿ, ಅದರ ಎಳೆತ ಮಾತ್ರ ಸುತ್ತುತ್ತಲೇ ಇದ್ದರೆ ಹೇಗಿದ್ದೀತು? ಮೂರು ಫೇಸಿನ ಮೋಟಾರು ಅಂಥ ಗಾಣ. ಸ್ಥಿರವಾದ ಕಬ್ಬಿಣದ ಉಂಗುರದೊಳಗೆ ತಾಮ್ರದ ಮೂರು ಸುರುಳಿಗಳಿರುತ್ತವೆ. ಒಂದರ ಹಿಂದೊಂದು ಸರದಿಯಂತೆ ಅವುಗಳಲ್ಲಿ ವಿದ್ಯುತ್ತು ಏರಿ ಇಳಿಯುತ್ತದೆ. ಆಗ ಯಾವ ಭಾಗವೂ ಅಲುಗದೆ, ಕಾಂತಕ್ಷೇತ್ರವೊಂದು ತಾನೇ ಸುತ್ತತೊಡಗುತ್ತದೆ. ನಡುವಿನ ಉರುಳೆ ಅದರ ಬೆನ್ನುಹತ್ತುತ್ತದೆ. ಈ ತತ್ತ್ವವನ್ನು ಇಟಲಿಯ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ಟೆಸ್ಲಾ ಬೇರೆ ಬೇರೆಯಾಗಿ ೧೮೮೮ರಲ್ಲಿ ಪ್ರಕಟಿಸಿದರು. ಹದಿನಾಲ್ಕೇ ವರ್ಷಗಳಲ್ಲಿ ಅದರ ಯುಗ ನಮ್ಮ ಗಣಿಯ ಬಾಗಿಲಿಗೆ ಬಂದಿತು.

ಆದರೆ ಕಾಣದ ಕ್ಷೇತ್ರವನ್ನು ಅಳೆದು ಯಂತ್ರ ಕಟ್ಟುವುದು ಹೇಗೆ? ಕಾಗದದ ಮೇಲೆ ಕಬ್ಬಿಣದ ಪುಡಿ ಚೆಲ್ಲಿ ಬಲರೇಖೆಗಳನ್ನು ಕಂಡವನು ಫ್ಯಾರಡೆ. ಅವಕ್ಕೆ ಸಮೀಕರಣ ಬರೆದವನು ಮ್ಯಾಕ್ಸ್‌ವೆಲ್. ಆ ಸಮೀಕರಣಗಳನ್ನು ಹಲ್ಲುಹಲ್ಲಾದ ಕಬ್ಬಿಣದೊಳಗೆ ಬಿಡಿಸುವುದು ಕೈಲೆಕ್ಕಕ್ಕೆ ಮೀರಿದ ಮಾತು. ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಕಾಂತಗೊಳ್ಳುವ ಕಬ್ಬಿಣದ ನಷ್ಟಕ್ಕೆ ಒಂದು ನಿಯಮವನ್ನು ೧೮೯೨ರಲ್ಲಿ ಮುಂದಿಟ್ಟಿದ್ದನು. ಪರ್ಯಾಯ ವಿದ್ಯುತ್ತಿನ ಲೆಕ್ಕವನ್ನೂ ಸರಳಗೊಳಿಸಿದನು. ಉಳಿದುದಕ್ಕೆಲ್ಲ ಅನುಭವದ ಊಹೆಯೇ ಗತಿ. ಸಂದೇಹ ಬಂದಲ್ಲಿ ಕಬ್ಬಿಣವನ್ನು ತುಸು ಹೆಚ್ಚಾಗಿ ಹಾಕುವುದೇ ವಿವೇಕವೆನಿಸಿತ್ತು.

ಈ ಕತ್ತಲೆಗೆ ಬೆಳಕು ಬಂದುದು ಗಣಕಯಂತ್ರದಿಂದ. ವಿಮಾನದ ರೆಕ್ಕೆ, ಕಟ್ಟಡಗಳ ಬಲಾಬಲವನ್ನು ಲೆಕ್ಕಹಾಕಲು ಹುಟ್ಟಿದ ವಿಧಾನವೊಂದಕ್ಕೆ ಅಮೆರಿಕದ ಕ್ಲಫ್ ೧೯೬೦ರಲ್ಲಿ 'ಫೈನೈಟ್ ಎಲಿಮೆಂಟ್' ಎಂಬ ಹೆಸರಿಟ್ಟರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಪೀಟರ್ ಸಿಲ್ವೆಸ್ಟರ್ ಮತ್ತು ಎಂ. ವಿ. ಕೆ. ಚಾರಿ ಅದನ್ನು ೧೯೭೦ರಲ್ಲಿ ವಿದ್ಯುದ್ಯಂತ್ರಗಳ ಕಾಂತಕ್ಷೇತ್ರಕ್ಕೆ ಅನ್ವಯಿಸಿದರು. ವಿಧಾನ ನಮಗೆ ತೀರ ಅಪರಿಚಿತವಲ್ಲ. ಊರಿನ ನೆಲವನ್ನು ಸರ್ವೆ ನಂಬರುಗಳಾಗಿ ಒಡೆಯುವಂತೆ ಮೋಟಾರಿನ ಅಡ್ಡಕೊಯ್ತವನ್ನು ಸಾವಿರಾರು ಸಣ್ಣ ತ್ರಿಕೋನಗಳಾಗಿ ಒಡೆಯುತ್ತಾರೆ. ಒಂದೊಂದು ತುಂಡಿಗೂ ಸುಲಭವಾದ ಲೆಕ್ಕ. ನೆರೆಯ ತುಂಡುಗಳು ಸೇರುವಲ್ಲಿ ಉತ್ತರ ಒಂದೇ ಆಗಿರಬೇಕೆಂಬುದು ಕರಾರು. ಉಂಗುರಕ್ಕೂ ಉರುಳೆಗೂ ನಡುವಣ ಕಿರಿದಾದ ಗಾಳಿಯ ಸಂದಿಯಲ್ಲಿ ತ್ರಿಕೋನಗಳು ಅತಿ ಸಣ್ಣವಾಗಿರಬೇಕು. ಮೋಟಾರಿನ ತಿರುಗುಬಲದ ಗುಟ್ಟೆಲ್ಲ ಅಲ್ಲಿಯೇ ಇದೆ.

ಇಂದು ಈ ಲೆಕ್ಕ ಮನೆಯ ಸಾಧಾರಣ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಹಣ ತೆರದೆ ಪಡೆಯಬಹುದಾದ ತಂತ್ರಾಂಶಗಳೂ ಇವೆ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಮೂಡಿದಾಗ ಸತ್ಯವನ್ನೇ ಕಂಡೆವೆಂಬ ಭ್ರಮೆ ಹುಟ್ಟುವುದು ಸಹಜ. ನಮ್ಮ ಗಣಿಯ ಇತಿಹಾಸ ಎಚ್ಚರಿಸುವುದು ಇಲ್ಲಿಯೇ.

ಶಿವನಸಮುದ್ರದಿಂದ ಬಂದ ವಿದ್ಯುತ್ತು ಸೆಕೆಂಡಿಗೆ ೨೫ ಆವರ್ತಗಳದು. ಇಂದಿನ ನಮ್ಮ ಮನೆಗಳದು ೫೦. ಎರಡು ಧ್ರುವಗಳ ಮೋಟಾರಿನೊಳಗಿನ ಕ್ಷೇತ್ರ ಅಂದು ನಿಮಿಷಕ್ಕೆ ೧೫೦೦ ಸುತ್ತು ಸುತ್ತಿದರೆ, ಇಂದು ೩೦೦೦ ಸುತ್ತುತ್ತದೆ. ೫೦ಕ್ಕೆಂದು ಕಟ್ಟಿದ ಮೋಟಾರನ್ನು ಅದೇ ವೋಲ್ಟೇಜಿನಲ್ಲಿ ೨೫ರ ತಂತಿಗೆ ಜೋಡಿಸಿದರೆ ನಿಧಾನವಾಗಿ ಓಡೀತೆಂದು ಭಾವಿಸುವುದು ತಪ್ಪು. ಆವರ್ತ ಅರ್ಧವಾದರೆ ಕಬ್ಬಿಣ ಹೊರಬೇಕಾದ ಕಾಂತಪ್ರವಾಹ ಇಮ್ಮಡಿಯಾಗುತ್ತದೆ. ನೆನೆದ ಬಟ್ಟೆ ಮತ್ತಷ್ಟು ನೀರನ್ನು ಹೀರಲಾರದಂತೆ ಕಬ್ಬಿಣ ಒಂದು ಮಿತಿಯಲ್ಲಿ ತಣಿದುಬಿಡುತ್ತದೆ. ಆಗ ಸುರುಳಿಗಳು ವಿಪರೀತ ವಿದ್ಯುತ್ತನ್ನು ಎಳೆದುಕೊಂಡು ಸುಟ್ಟುಹೋಗುತ್ತವೆ. ತಂತ್ರಾಂಶ ಇದನ್ನು ಕರಾರುವಾಕ್ಕಾಗಿ ತೋರಿಸಬಲ್ಲದು. ಆದರೆ ಊರಿನ ತಂತಿಯಲ್ಲಿ ೨೫ ಇದೆಯೇ ೫೦ ಇದೆಯೇ ಎಂದು ಅದು ತಾನಾಗಿ ಅರಿಯದು, ನಾವೇ ಹೇಳಬೇಕು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದ ಈ ಗಣಿಯ ತಳದಲ್ಲಿ ಬಂಡೆಯ ಶಾಖ ೬೦ ಡಿಗ್ರಿಯನ್ನೂ ಮೀರುತ್ತಿತ್ತು. ಅಂಥ ಬಿಸಿಯಲ್ಲಿ ಮೋಟಾರಿನ ತಾಳ್ಮೆಯೂ ಕುಗ್ಗುತ್ತದೆ. ಅದನ್ನೂ ನಾವೇ ಹೇಳಬೇಕು.

ಇದೇ ಗಣಿತ ಕೆ.ಜಿ.ಎಫ್.ನಲ್ಲಿ ಬೇರೊಂದು ಕೆಲಸಕ್ಕೂ ಬಂದಿದೆ. ೧೯೮೮ರಲ್ಲಿ ಅಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಿಲಾಯಾಂತ್ರಿಕ ಸಂಸ್ಥೆಯವರು ಬಂಡೆಯೊಳಗಿನ ಒತ್ತಡವನ್ನು ಇಂಥ ಮಾದರಿಗಳಿಂದಲೇ ಲೆಕ್ಕಹಾಕುತ್ತಾರೆ. ಬಂಡೆ ಸಿಡಿದು ಎಷ್ಟೋ ಕಾರ್ಮಿಕರು ಪ್ರಾಣ ತೆತ್ತ ನೆಲದಲ್ಲಿ ಆ ಲೆಕ್ಕದ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಅಳೆದು ತಂದ ಅಂಕಿ ಸುಳ್ಳಾದರೆ ಅಲ್ಲಿಯೂ ಚಿತ್ರ ಸುಂದರವಾಗಿಯೇ ಇರುತ್ತದೆ. ತಲೆಯ ಮೇಲಿನ ಬಂಡೆ ಮಾತ್ರ ಅದಕ್ಕೆ ಕಟ್ಟುಬೀಳದು.

೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಪಂಪುಗಳ ಮೋಟಾರುಗಳು ನಿಂತವು. ಹಗಲಿರುಳು ಸುತ್ತುತ್ತಿದ್ದ ಕಾಣದ ಎತ್ತು ನಿಂತಿತು. ಸುರಂಗಗಳಲ್ಲಿ ನೀರು ಮೇಲೇರಿತು. ಆ ಕ್ಷೇತ್ರ ಅಷ್ಟು ಕಾಲ ಏನನ್ನು ಹಿಡಿದು ನಿಲ್ಲಿಸಿತ್ತೆಂಬುದು ಅದು ಇಲ್ಲವಾದಾಗ ತಿಳಿಯಿತು.

ಬಂಗಾರಪೇಟೆಯ ವಿದ್ಯಾರ್ಥಿಯೊಬ್ಬ ಇಂದು ತನ್ನ ಕಂಪ್ಯೂಟರಿನಲ್ಲಿ ಮೋಟಾರಿನ ಮಾದರಿ ಕಟ್ಟುವನಾದರೆ, ಆವರ್ತದ ಅಂಕಣದಲ್ಲಿ ಒಮ್ಮೆ ೨೫ ಎಂದು ಬರೆದು ನೋಡಲಿ. ಶಿವನಸಮುದ್ರದಿಂದ ಗಣಿಗೆ ಬಂದ ವಿದ್ಯುತ್ತಿನ ನಾಡಿಮಿಡಿತ ಅದೇ.