ಕೊರಳು ಬಳಸಿದ ಬಳ್ಳಿ

ನಾಗಪುರದ ಮನೀಶ್ ನಗರದಲ್ಲಿ ನೆಲೆಸಿದ ಕನ್ನಡದ ಬಸುರಿಯೊಬ್ಬಳ ಸ್ಕ್ಯಾನಿಂಗ್ ವರದಿಯಲ್ಲಿ ‘ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ’ ಎಂದಿದ್ದರೆ, ಊರಿನ ಹಿರಿಯರಿಗೆ ಮೊದಲು ನೆನಪಾಗುವವನು ಸೋದರಮಾವ. ಮಾಲೆ ಹಾಕಿಕೊಂಡು ಹುಟ್ಟಿದ ಕೂಸು ಅವನಿಗೆ ಆಗದು ಎಂಬ ನಂಬಿಕೆ ದಕ್ಷಿಣದ ಹಲವೆಡೆ ಇದೆ. ಮೊದಲು ಎಣ್ಣೆಯಲ್ಲಿ ಕೂಸಿನ ಬಿಂಬ ನೋಡಿ, ಆಮೇಲೆ ಮುಖ ನೋಡುವ ಪದ್ಧತಿಯೂ ಉಂಟು. ಈ ಭಯದ ಮಗ್ಗುಲಲ್ಲೇ ಅರಿವಿನ ಚರಿತ್ರೆಯೊಂದು ನಡೆದುಬಂದಿದೆ.

ಗರ್ಭದ ನಾಭಿನಾಡಿ ತಾಯಿಯ ರಸವಾಹಿನಿಗೆ ಕೂಡಿಕೊಂಡು ಪೋಷಣೆ ಪಡೆಯುತ್ತದೆಂದು ಸುಶ್ರುತಸಂಹಿತೆ ಹೇಳುತ್ತದೆ. ಹುಟ್ಟಿದ ಮೇಲೆ ಎಂಟು ಅಂಗುಲ ಅಳೆದು, ದಾರದಿಂದ ಕಟ್ಟಿ ಕತ್ತರಿಸುವ ವಿಧಿಯೂ ಅಲ್ಲಿದೆ. ಬಳ್ಳಿಯೊಳಗಿನ ಲೋಳೆಯನ್ನು 1656ರಲ್ಲಿ ವರ್ಣಿಸಿದವನು ಲಂಡನ್ನಿನ ವೈದ್ಯ ಥಾಮಸ್ ವಾರ್ಟನ್. ಎರಡು ಅಪಧಮನಿ, ಒಂದು ಅಭಿಧಮನಿಗಳನ್ನು ಒತ್ತಡದಿಂದ ಕಾಯುವುದು ಆ ಲೋಳೆಯೇ.

ಸುಮಾರು ಐದು ಹೆರಿಗೆಗಳಲ್ಲಿ ಒಂದರಲ್ಲಿ ಬಳ್ಳಿ ಕೊರಳು ಬಳಸಿರುತ್ತದೆ. ಗರ್ಭದ ಕೂಸು ಮೂಗು, ಗಂಟಲಿನಿಂದ ಉಸಿರಾಡುವುದಿಲ್ಲ. ಅದರ ಪ್ರಾಣವಾಯು ಬಳ್ಳಿಯ ರಕ್ತದಲ್ಲಿ ಬರುತ್ತದೆ. ಆ ರಕ್ತದ ಹರಿವು ತಡೆದರೆ ಮಾತ್ರ ಕೇಡು. ಸಡಿಲವಾದ ಸುತ್ತನ್ನು ತಲೆ ಹೊರಬಂದೊಡನೆ ಬೆರಳಿನಿಂದ ಜಾರಿಸಬಹುದು. ಇದಕ್ಕಿಂತ ಘೋರವಾದದ್ದು, ನೀರು ಒಡೆದಾಗ ಬಳ್ಳಿಯೇ ಮೊದಲು ಕೆಳಗಿಳಿದು ಕೂಸಿನ ತಲೆಯಡಿ ಅದುಮಿಹೋಗುವುದು. ಅಪರೂಪವಾದರೂ, ಆಗ ನಿಮಿಷಗಳೇ ಪ್ರಾಣವನ್ನು ನಿರ್ಧರಿಸುತ್ತವೆ.

ಬಳ್ಳಿ ಅದುಮಿದರೆ ಕೂಸಿನ ಎದೆಬಡಿತ ಕುಗ್ಗುತ್ತದೆ. ಗರ್ಭದ ಬಡಿತವನ್ನು ಸ್ಟೆತೊಸ್ಕೋಪಿನಿಂದ ಆಲಿಸಬಹುದೆಂದು ಫ್ರಾನ್ಸಿನ ಕೆರ್ಗರಾಡೆಕ್ 1821ರಲ್ಲಿ ತಿಳಿಸಿದ. 1895ರಲ್ಲಿ ಪಿನಾರ್ ಅದಕ್ಕೆಂದೇ ಕೊಂಬಿನಾಕಾರದ ನಳಿಗೆಯೊಂದನ್ನು ರೂಪಿಸಿದ. ಮುಂದೆ ಸುರಕ್ಷಿತ ಸಿಸೇರಿಯನ್ ಜೊತೆಗೂಡಿದಾಗ, ಕೇಳಿಸಿದ ಅಪಾಯಕ್ಕೆ ಉತ್ತರವೂ ದೊರಕಿತು.

ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಐದರಲ್ಲೊಂದರ ಲೆಕ್ಕ ಹಿಡಿದರೆ, ಸುಮಾರು ಮೂರು ಸಾವಿರ ಕೂಸುಗಳು ಬಳ್ಳಿ ಬಳಸಿಕೊಂಡೇ ಅವರ ಕೈಗೆ ಬಂದಿರಬೇಕು. ನಂಬಿಕೆ ನಿಜವಾಗಿದ್ದರೆ ಆ ಸೀಮೆಯಲ್ಲಿ ಸೋದರಮಾವಂದಿರು ಎಷ್ಟು ಮಂದಿ ಉಳಿಯುತ್ತಿದ್ದರು?

ಬಳ್ಳಿ ಹೇಗೆ ಸುತ್ತಿಕೊಂಡಿತೆಂಬುದು ತಾಯಿಯ ತಪ್ಪಲ್ಲ, ಕೂಸಿನ ದೋಷವೂ ಅಲ್ಲ. ಮನೀಶ್ ನಗರದ ಆ ಮನೆಯವರು ಗಮನಿಸಬೇಕಾದದ್ದು ಕೂಸಿನ ಮಿಸುಕಾಟವನ್ನು. ಅದು ಕಡಿಮೆಯಾದರೆ ಅಥವಾ ನೀರು ಒಡೆದರೆ, ಒಡನೆಯೇ ಆಸ್ಪತ್ರೆ ಸೇರಬೇಕು. ಮಾವನು ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಬಾಣಂತಿಯ ಕೋಣೆಗೆ ನೆಟ್ಟಗೆ ಬರಲಿ.