ಏಳು ತಿಂಗಳ ಮಗು ಬದುಕುತ್ತೆ, ಎಂಟು ತಿಂಗಳದ್ದು ಬದುಕಲ್ಲ ಎಂಬುದು ನಿಜವೇ? ‘ಅವಧಿಪೂರ್ವ’ ಪದಗಳ ಅರ್ಥ ತಿಳಿಯಿರಿ

“ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯೋದು ಕಷ್ಟ.” ಈ ಮಾತನ್ನು ನೀವು ಹಿರಿಯರ ಬಾಯಲ್ಲಿ ಕೇಳಿರಬಹುದು, ವಾಟ್ಸಾಪ್‌ನಲ್ಲೂ ಓದಿರಬಹುದು. ಇದು ಸುಳ್ಳು. ನಿಗದಿತ ಸಮಯಕ್ಕಿಂತ ಮೊದಲೇ ಆಗುವ ಸಂಗತಿಗಳಿಗೆ ನಾವು ಬಳಸುವ ಪದಗಳನ್ನು ಸರಿಯಾಗಿ ತಿಳಿದರೆ, ಇದು ಯಾಕೆ ಸುಳ್ಳು ಎನ್ನುವುದೂ ತಿಳಿಯುತ್ತದೆ.

ಅಕಾಲಿಕ, ಅವಧಿಪೂರ್ವ: ಎರಡೂ ಒಂದೇ ಅಲ್ಲ

‘ಅಕಾಲಿಕ’ ಎಂದರೆ ಕಾಲವಲ್ಲದ ಕಾಲದಲ್ಲಿ ಆಗುವುದು. ಅಕಾಲಿಕ ಮಳೆ ಬೇಗವೂ ಬರಬಹುದು, ತಡವಾಗಿಯೂ ಬರಬಹುದು. ‘ಅವಧಿಪೂರ್ವ’ ಎಂದರೆ ಮಾತ್ರ ಅವಧಿ ಮುಗಿಯುವ ಮೊದಲೇ ಆಗಿದ್ದು. ಆದ್ದರಿಂದ ಬೇಗ ಹುಟ್ಟಿದ ಮಗುವಿಗೆ ‘ಅವಧಿಪೂರ್ವ ಶಿಶು’ ಎಂಬುದೇ ಸರಿಯಾದ ಪದ. ಮನೆಮಾತಿನಲ್ಲಿ ‘ದಿನ ತುಂಬದ ಮಗು’ ಎನ್ನುತ್ತೇವೆ.

ವೈದ್ಯರು ಎಣಿಸುವುದು ವಾರಗಳಲ್ಲಿ

ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ ಗರ್ಭಾವಧಿ ಸುಮಾರು 40 ವಾರ. 37 ವಾರ ತುಂಬುವ ಮೊದಲು ಹುಟ್ಟಿದರೆ ಅದು ಅವಧಿಪೂರ್ವ ಜನನ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮೂರು ಭಾಗ ಮಾಡುತ್ತದೆ:

• 28 ವಾರಕ್ಕಿಂತ ಕಡಿಮೆ: ತೀರಾ ಬೇಗ
• 28ರಿಂದ 32 ವಾರದೊಳಗೆ: ಬಹಳ ಬೇಗ
• 32ರಿಂದ 37 ವಾರದೊಳಗೆ: ಸ್ವಲ್ಪ ಬೇಗ

ಇದು ಅಪರೂಪವಲ್ಲ. 2020ರಲ್ಲಿ ಜಗತ್ತಿನಲ್ಲಿ ಅಂದಾಜು 1.34 ಕೋಟಿ ಮಕ್ಕಳು, ಅಂದರೆ ಸುಮಾರು ಹತ್ತರಲ್ಲಿ ಒಂದು ಮಗು, ಹೀಗೆ ಹುಟ್ಟಿವೆ.

ತೂಕ ಕಡಿಮೆ ಇದ್ದ ಮಾತ್ರಕ್ಕೆ ಮಗು ದಿನ ತುಂಬದ್ದು ಎಂದಲ್ಲ. ದಿನ ತುಂಬಿ ಹುಟ್ಟಿದ ಮಗುವೂ 2.5 ಕೆ.ಜಿ.ಗಿಂತ ಕಡಿಮೆ ಇರಬಹುದು.

ಹಾಗಾದರೆ ‘ಎಂಟು ತಿಂಗಳ’ ಮಾತು ಎಲ್ಲಿಂದ ಬಂತು?

ಈ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಪ್ರಾಚೀನ ಗ್ರೀಸ್‌ನಲ್ಲಿ ಹಿಪಾಕ್ರಟೀಸ್ ಹೆಸರಿನಲ್ಲಿ ಉಳಿದಿರುವ ವೈದ್ಯ ಬರಹಗಳಲ್ಲೂ ಎಂಟು ತಿಂಗಳ ಮಗು ಬದುಕುವುದಿಲ್ಲ ಎಂದಿದೆ. ಆದರೆ ಹಳೆಯದಾದ ಮಾತೆಲ್ಲ ನಿಜವಾಗಬೇಕಿಲ್ಲ.

ಗರ್ಭದಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ. ಶ್ವಾಸಕೋಶದ ಗಾಳಿಚೀಲಗಳು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ವಸ್ತು ಸಾಮಾನ್ಯವಾಗಿ 34–35ನೇ ವಾರದ ಹೊತ್ತಿಗೆ ಸಾಕಷ್ಟು ತಯಾರಾಗುತ್ತದೆ. ಹೀಗಾಗಿ ಏಳು ತಿಂಗಳ ಮಗುವಿಗಿಂತ ಎಂಟು ತಿಂಗಳ ಮಗು ಬದುಕುವ ಸಾಧ್ಯತೆಯೇ ಹೆಚ್ಚು.

ಈ ತಪ್ಪು ಮಾತಿನಿಂದ ಎರಡು ಕಡೆಯೂ ಅಪಾಯವಿದೆ. ಎಂಟು ತಿಂಗಳ ಮಗುವಿನ ಮನೆಯವರು ಸುಮ್ಮನೆ ಆಸೆ ಬಿಡುತ್ತಾರೆ. ಏಳು ತಿಂಗಳ ಮಗುವಿನ ಮನೆಯವರು ‘ಏನೂ ಆಗಲ್ಲ’ ಎಂದು ಆಸ್ಪತ್ರೆಗೆ ತಡ ಮಾಡುತ್ತಾರೆ.

ಏನು ಮಾಡಬೇಕು?

• ದಿನ ತುಂಬುವ ಮೊದಲೇ ನೀರು ಹೋದರೆ, ರಕ್ತ ಕಂಡರೆ ಅಥವಾ ಹೊಟ್ಟೆ ಮತ್ತೆ ಮತ್ತೆ ಬಿಗಿದು ನೋವು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಗತ್ಯವಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಹೆರಿಗೆಗೆ ಮೊದಲೇ ಸಿಗಬೇಕು.
• ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟುಕೊಳ್ಳುವುದು ಕಾಂಗರೂ ಆರೈಕೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇದು ಶುರುವಾಯಿತು. ತಂದೆ, ಅಜ್ಜಿ ಕೂಡ ಮಾಡಬಹುದು. ಎದೆಹಾಲೇ ಉತ್ತಮ ಆಹಾರ.
• 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ಇರುವ ಮಗುವಿಗೆ 30 ದಿನದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿ. ಮೇಲ್ನೋಟಕ್ಕೆ ಕಣ್ಣು ಚೆನ್ನಾಗಿ ಕಂಡರೂ ಒಳಗೆ ತೊಂದರೆ ಇರಬಹುದು. ತಡವಾದರೆ ದೃಷ್ಟಿ ಹೋಗಬಹುದು.

ಬೇಗ ಆಗುವ ಇನ್ನೆರಡು

ಬಾಲನೆರೆ: ಚಿಕ್ಕ ವಯಸ್ಸಿನಲ್ಲೇ ಕೂದಲು ನೆರೆಯುವುದು. ನಮ್ಮಲ್ಲಿ 25 ವರ್ಷಕ್ಕೆ ಮೊದಲು ನೆರೆತರೆ ಹೀಗೆನ್ನುತ್ತಾರೆ. ಹೆಚ್ಚಾಗಿ ವಂಶದಿಂದ ಬರುತ್ತದೆ. ಕೆಲವರಲ್ಲಿ ಬಿ12 ಕೊರತೆ ಅಥವಾ ಥೈರಾಯ್ಡ್ ತೊಂದರೆ ಕಾರಣ. ಒಂದು ಬಿಳಿ ಕೂದಲು ಕಿತ್ತರೆ ಹತ್ತು ಬರುತ್ತದೆ ಎನ್ನುವುದು ಸುಳ್ಳು. ಒಂದು ಬುಡದ ಬಣ್ಣ ಪಕ್ಕದ ಬುಡಕ್ಕೆ ಹರಡುವುದಿಲ್ಲ.

ಅವಧಿಪೂರ್ವ ಪ್ರೌಢತೆ: ಹುಡುಗಿಯರಲ್ಲಿ 8 ವರ್ಷಕ್ಕೆ ಮೊದಲು, ಹುಡುಗರಲ್ಲಿ 9 ವರ್ಷಕ್ಕೆ ಮೊದಲು ಪ್ರಾಯದ ಲಕ್ಷಣಗಳು ಕಾಣಿಸುವುದು. ಮುಚ್ಚಿಡಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಬೇಕಿದ್ದಲ್ಲಿ ಚಿಕಿತ್ಸೆ ಇದೆ.

ಕೊನೆಯದಾಗಿ: ಎಂಟು ತಿಂಗಳ ಮಗುವಿನ ಬಗ್ಗೆ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸಬೇಡಿ. ಆ ಗ್ರೂಪಿನಲ್ಲೇ ಒಬ್ಬ ಬಾಣಂತಿ ಅದನ್ನು ಓದುತ್ತಿರಬಹುದು. ಅದರ ಬದಲು ಕಣ್ಣಿನ ಪರೀಕ್ಷೆಯ ‘30 ದಿನ’ದ ಮಾತನ್ನು ಕಳಿಸಿ.